ಸತ್ತವರ ಸಾಲಿಗೆ ಬಂದ ಪಪ್ಪನ ಹೆಸರು

ಅವಳ ಎರಡೂ ಮೊಣಕಾಲುಗಳ ಮೇಲೆ ಎರಡಂಗುಲ ಅಗಲಕ್ಕೆ ಚರ್ಮ ಕಪ್ಪಗೆ ಜಡ್ಡುಗಟ್ಟಿತ್ತು. ಉಗುರಿನಿಂದ ಒತ್ತಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಶನಿವಾರ ಬಚ್ಚಲಲ್ಲಿ ತೆಂಗಿನ ನಾರಿನಿಂದ ಅವಳ ಕಾಲು ತಿಕ್ಕುವುದು ನನ್ನ ಕೆಲಸ. "ವಡ್ಲಿಮಾಯ್, ಇದು ಆನೆಯ ಮೊಣಕಾಲು" ಎಂದರೆ ಅವಳು ಬಿಡುತ್ತಿರಲಿಲ್ಲ. "ಆನೆ ಪ್ರಾರ್ಥನೆ ಮಾಡ್ತದಾ? ಇದು ದೇವರು ಹೊಲಿದು ಕೊಟ್ಟ ಚಪ್ಪಲಿ. ಜನ ಕಾಲಿಗೆ ಹಾಕ್ತಾರೆ, ನಾನು ಮೊಣಕಾಲಿಗೆ ಹಾಕಿದ್ದೇನೆ. ಸರಿಯಾಗಿ ತಿಕ್ಕು."

ವಡ್ಲಿಮಾಯ್ ಎಂದರೆ ದೊಡ್ಡ ತಾಯಿ, ನಮ್ಮ ಕೊಂಕಣಿಯಲ್ಲಿ ಅಜ್ಜಿ. ಪಪ್ಪನ ಅಮ್ಮ. ಮನೆಯಲ್ಲಿ ನಾವು ಆಡುತ್ತಿದ್ದದ್ದು ಕೊಂಕಣಿ. ಇಲ್ಲಿ ಎಲ್ಲರ ಬಾಯಲ್ಲೂ ಕನ್ನಡ ಹಾಕಿದ್ದೇನೆ, ಹೊಂದಿಸಿಕೊಳ್ಳಿ.

ಮನೆ ಶಿರ್ವದಲ್ಲಿ, ಇಗರ್ಜಿಯ ಗಂಟೆ ಕೇಳುವಷ್ಟು ಹತ್ತಿರ, ಫಾದರ್ ಕಣ್ಣಿಗೆ ಬೀಳದಷ್ಟು ದೂರ. ಅರವತ್ತರ ದಶಕದ ಮಾತಿದು. ಕರೆಂಟು ಇರಲಿಲ್ಲ, ಪೂಜೆ ಇನ್ನೂ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು, ಯಾರಿಗೂ ಅರ್ಥವಾಗುತ್ತಿರಲಿಲ್ಲ, ಆದರೂ ಎಲ್ಲರೂ ಹೋಗುತ್ತಿದ್ದರು. ಮನೆಯಲ್ಲಿ ಇದ್ದದ್ದು ಅವಳು, ಅಮ್ಮ, ಒಂಬತ್ತು ವರ್ಷದ ನಾನು, ನಾಲ್ಕು ವರ್ಷದ ತಮ್ಮ. ಪಪ್ಪ ಬೊಂಬಾಯಿಯಿಂದ ಹೊರಡುವ ಸರಕು ಹಡಗಿನಲ್ಲಿ ಅಡುಗೆಯವರು. ವರ್ಷಕ್ಕೊಮ್ಮೆ ಬರುತ್ತಿದ್ದರು. ಉಳಿದ ದಿನಗಳಲ್ಲಿ ಅವರು ನಮಗೆ ಒಂದು ಕಾಗದ, ಮತ್ತು ಅದರ ಮೇಲಿನ ಬಣ್ಣದ ಸ್ಟಾಂಪು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ದಿನಾ ಸಂಜೆ ಏಳೂವರೆಗೆ ನಮ್ಮಲ್ಲಿ ತೇರ್ಸ್. ಹಾಗೆಂದರೆ ಜಪಮಾಲೆಯ ಪ್ರಾರ್ಥನೆ. ಊಟ ಅದರ ನಂತರವೇ. ಚಾವಡಿಯ ಗೋಡೆಯಲ್ಲಿ ದೇವರ ಗೂಡು, ಅದರ ಮುಂದೆ ಹಲಸಿನ ಮರದ ಒಂದು ಮಣೆ, ಮಣೆಯ ಮೇಲೆ ಚಿಮಿಣಿ ದೀಪ. ವಡ್ಲಿಮಾಯ್ ಮಣೆಯ ಹತ್ತಿರ ಮೊಣಕಾಲೂರುತ್ತಿದ್ದಳು, ಚಾಪೆ ಇಲ್ಲದೆ. ನಾವು ಹಿಂದೆ. ಜಪಮಾಲೆ ಮುಗಿದ ಮೇಲೆ ಅವಳ ಸ್ವಂತ ಪ್ರಾರ್ಥನೆ ಶುರು. ಅದರಲ್ಲಿ ಎರಡು ಸಾಲು. ಮೊದಲು ಬದುಕಿರುವವರ ಸಾಲು: ಹಡಗಿನಲ್ಲಿರುವ ಮಗ ಇನಾಸ್, ಸೊಸೆ, ನಾವಿಬ್ಬರು ಮಕ್ಕಳು, ಬೊಂಬಾಯಿಯಲ್ಲಿರುವ ಮಗಳು, ಕಾಯಿಲೆಯ ನೆರೆಯವರು, ಗಬ್ಬದ ದನ. ಆಮೇಲೆ ಬಲಗೈಯ ಬೆರಳ ಗಂಟಿನಿಂದ ಮಣೆಗೆ ಒಂದೇ ಒಂದು ಸಲ ಟಕ್ ಎಂದು ಬಡಿಯುತ್ತಿದ್ದಳು. ಆ ಬಡಿತದ ನಂತರ ಸತ್ತವರ ಸಾಲು.

ಮೂವತ್ತೇಳು ಜನ. ಅಕ್ಷರ ಬಾರದವಳು, ಎಲ್ಲವೂ ಬಾಯಿಯಲ್ಲಿ. ಅವಳ ಅಜ್ಜ ಜುವಾಂವ್‌ನಿಂದ ಶುರುವಾಗಿ, ನತಾಲ್, ಮರ್ಸೆಲಿನ್, ವಾಂತಿಭೇದಿಯಲ್ಲಿ ಒಂದೇ ವಾರ ಹೋದ ಮೂವರು, ಹೆಸರಿಡುವ ಮೊದಲೇ ಹೋದ ಎರಡು ಕೂಸುಗಳು, ಕೊನೆಗೆ ನನ್ನ ಅಜ್ಜ. ಗಂಡನ ಹೆಸರು ಹೇಳುವವಳಲ್ಲ. "ಈ ಮನೆಯ ಯಜಮಾನ" ಎನ್ನುತ್ತಿದ್ದಳು. ಪ್ರತಿಯೊಬ್ಬರಿಗೂ ಒಂದು 'ನಮಾನ್ ಮರಿಯೆ', ಮರಿಯಮ್ಮನ ಜಪ. ಅರ್ಧ ಅವಳು ಹೇಳುವುದು, ಉಳಿದರ್ಧ ನಾವು. ಹೊಟ್ಟೆ ಹಸಿದು ಪ್ರಾಣ ಹೋಗುತ್ತಿತ್ತು. ಒಮ್ಮೆ ಕೇಳಿಯೇಬಿಟ್ಟೆ, "ಇವತ್ತು ಹತ್ತು ಜನ ಸಾಕಾಗುವುದಿಲ್ವಾ?"

"ಯಾರನ್ನು ಬಿಡಲಿ? ನೀನೇ ಹೇಳು" ಎಂದಳು. "ಹೆಸರು ಬಿಟ್ಟರೆ ಅವರು ಹೊರಗೆ ನಿಲ್ತಾರೆ ಬಾಯೆ. ಅಂಗಳದಲ್ಲಿ, ಮಳೆಗೆ ನೆನೆಯುತ್ತಾ. ನಾವು ಒಳಗೆ ಬೆಚ್ಚಗೆ ಗಂಜಿ ಉಣ್ಣುವುದು, ಅವರು ಹೊರಗೆ ನಿಲ್ಲುವುದು. ಚಂದವಾ?"

ಅವತ್ತಿನಿಂದ ಮಳೆಗಾಲದಲ್ಲಿ ಅಂಗಳದ ಕಡೆ ನೋಡುವುದನ್ನು ಬಿಟ್ಟೆ.

ಅವಳು ಗಂಭೀರ ಹೆಂಗಸು ಎಂದು ತಿಳಿಯಬೇಡಿ. ಒಂದೊಂದು ಕಿವಿಯಲ್ಲಿ ಆರಾರು ತೂತು, ಅದರಲ್ಲಿ ಎರಡರಲ್ಲಿ ಮಾತ್ರ ಚಿನ್ನ, ಉಳಿದದ್ದರಲ್ಲಿ ತೆಂಗಿನ ಕಡ್ಡಿ. ಸೊಂಟದಲ್ಲಿ ನಸ್ಯದ ಡಬ್ಬಿ. ಎರ್ಮಾಳಿನಿಂದ ಬುಟ್ಟಿ ಹೊತ್ತು ಬರುವ ಮೀನಿನ ಹೆಂಗಸಿನ ಜೊತೆ ದಿನಾ ಜಗಳ; ಜಗಳ ಮುಗಿದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಒಂದೇ ಡಬ್ಬಿಯಿಂದ ನಸ್ಯ. ನೆರೆಮನೆಯ ಪಾಸ್ಕು ಮಾಮನಿಗೂ ಅದೇ ಡಬ್ಬಿಯ ಮೇಲೆ ಕಣ್ಣು. ಅವರು ಒಂಟಿ ಜೀವ, ದಮ್ಮಿನ ಕಾಯಿಲೆ. ಸಂಜೆ ತೇರ್ಸ್‌ಗೆ ನಮ್ಮಲ್ಲಿಗೇ ಬರುತ್ತಿದ್ದರು, ಊಟ ಮಾಡಿ ಹೋಗುತ್ತಿದ್ದರು.

ಶುರುವಾದದ್ದು ಅವರಿಂದಲೇ.

ಬೇಸಗೆಯ ಒಂದು ಸಂಜೆ. ಬಡಿತ ಆಯಿತು, ಸತ್ತವರು ಒಬ್ಬೊಬ್ಬರಾಗಿ ಬಂದರು, ಕೊನೆಗೆ ಮನೆಯ ಯಜಮಾನನೂ ಬಂದ. ಏಳಲು ನಾನು ಅಂಗೈ ನೆಲಕ್ಕೆ ಊರಿದ್ದೆ. ಅಷ್ಟರಲ್ಲಿ ವಡ್ಲಿಮಾಯ್, "ನಮ್ಮ ನೆರೆಯ ಪಾಸ್ಕುವಿನ ಆತ್ಮಕ್ಕೆ" ಎಂದಳು. 'ನಮಾನ್ ಮರಿಯೆ' ಶುರು ಮಾಡಿಯೂ ಬಿಟ್ಟಳು.

ಹಿಂದಿನಿಂದ ಕೆಮ್ಮು ಕೇಳಿತು. "ನಾನು ಇಲ್ಲೇ ಇದ್ದೇನಲ್ಲ ಮಾರಾಯ್ತಿ!"

ವಡ್ಲಿಮಾಯ್ ಹಿಂತಿರುಗಿ, ಕಣ್ಣು ಕಿರಿದು ಮಾಡಿ ನೋಡಿದಳು. "ನೀನು ಯಾವಾಗ ಬಂದದ್ದು?"

"ಮೇಲಿನಿಂದ ಈಗಷ್ಟೇ ಬಂದೆ. ಅಲ್ಲಿ ನಸ್ಯ ಕೊಡ್ಲಿಲ್ಲ."

ಅಮ್ಮ ನಕ್ಕು ನಕ್ಕು ನೆಲಕ್ಕೆ ಹಣೆ ಹಚ್ಚಿದಳು. ನಾನೂ ನಕ್ಕೆ. ವಡ್ಲಿಮಾಯ್ ಮಾತ್ರ ನಗಲಿಲ್ಲ. ಸೆರಗಿನ ತುದಿಯನ್ನು ಸುತ್ತುತ್ತಾ, ಬಿಚ್ಚುತ್ತಾ, ಮತ್ತೆ ಸುತ್ತುತ್ತಾ ಕೂತಿದ್ದಳು.

ಒಂಬತ್ತನೆಯ ದಿನ ಪಾಸ್ಕು ಮಾಮ ಸತ್ತರು. ಬೆಳಿಗ್ಗೆ ಹಾಲು ಕೊಡಲು ಹೋದವಳು ನಾನು. ಕುರ್ಚಿಯಲ್ಲಿ ಕೂತೇ ಹೋಗಿದ್ದರು.

ದಮ್ಮಿನವರು, ವಯಸ್ಸಾಗಿತ್ತು, ಹೋದರು. ದೊಡ್ಡವರಿಗೆ ಅಷ್ಟೇ. ನನಗೆ ಹಾಗಲ್ಲ. ಅವಳು ಹೇಳಿದಳು, ಅವರು ಸತ್ತರು. ಬಡಿತದ ಆಚೆ ಹೆಸರು ಹೋಯಿತು, ಹೆಸರಿನ ಹಿಂದೆ ಮನುಷ್ಯ ಹೋದ. ಒಂಬತ್ತು ವರ್ಷದ ತಲೆಗೆ ಇದಕ್ಕಿಂತ ಸ್ಪಷ್ಟ ಲೆಕ್ಕ ಬೇಕಾ?

ಆಮೇಲೆ ಇನ್ನೊಂದು ದಿಕ್ಕಿನಿಂದ ಶುರುವಾಯಿತು. ಒಂದು ಬೆಳಿಗ್ಗೆ ವಡ್ಲಿಮಾಯ್ ಬಟ್ಟಲುಗಳಿಗೆ ಗಂಜಿ ಬಡಿಸಿದಳು. ಒಂದು ಬಟ್ಟಲು ಹೆಚ್ಚು. "ಬಾಯೆ, ಬಾವಿಕಟ್ಟೆಯಲ್ಲಿ ಅಜ್ಜ ಇದ್ದಾರೆ. ಕರೆ. ಗಂಜಿ ತಣ್ಣಗಾಗ್ತದೆ."

ಅಜ್ಜ ನಾನು ಹುಟ್ಟುವ ಮೊದಲೇ ತೀರಿಕೊಂಡವರು. ನಾನು ಅವರನ್ನು ನೋಡಿದ್ದು ಗೋಡೆಯ ಪಟದಲ್ಲಿ ಮಾತ್ರ. ಅಮ್ಮ ದನದ ಹಟ್ಟಿಯಲ್ಲಿದ್ದಳು. ವಡ್ಲಿಮಾಯ್ ಮತ್ತೆ ಹೇಳಿದಳು, "ಎಂತ ನಿಂತದ್ದು? ಹೋಗು." ಹೋದೆ. ಬೆಳಗಿನ ಬಿಸಿಲಲ್ಲಿ ಬಾವಿಕಟ್ಟೆ, ಅದರ ಮೇಲೆ ಒದ್ದೆ ಹಗ್ಗ. ಕರೆಯದೆ ಹಿಂದೆ ಹೋದರೆ ಸುಳ್ಳು ಹೇಳಬೇಕು. ಕರೆದರೆ, ಯಾರಾದರೂ ಬಂದರೆ? ತುಂಬಾ ಹೊತ್ತು ನಿಂತೆ. ಕೊನೆಗೆ ಇರುವೆಗೂ ಕೇಳಿಸದಷ್ಟು ಮೆಲ್ಲಗೆ "ಅಜ್ಜಾ" ಎಂದೆ. ಅದೇ ಹೊತ್ತಿಗೆ ಬಾವಿಯ ಆಚೆ ಬದಿಯಲ್ಲಿ ತೆಂಗಿನ ಮಡಲು ಧೊಪ್ಪೆಂದು ಬಿತ್ತು. ನಾನು ಓಡಿದ್ದು ಹೇಗೆ ಎಂದರೆ, ಹಟ್ಟಿಯಲ್ಲಿದ್ದ ಅಮ್ಮನ ಕೈಯ ಹಾಲಿನ ಚೊಂಬು ನನಗೆ ತಾಗಿ ಉರುಳಿ ಹೋಯಿತು. ಪೆಟ್ಟು ತಿಂದೆ. ಕಾರಣ ಹೇಳಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ.

ಅವಳ ತಲೆ ಮರೆತದ್ದನ್ನು ಮೊಣಕಾಲು ಮರೆಯುತ್ತಿರಲಿಲ್ಲ, ಅದು ಇನ್ನೊಂದು ಫಜೀತಿ. ಮಧ್ಯಾಹ್ನ ಇಗರ್ಜಿಯಲ್ಲಿ ಆಮೋರಿಯ ಗಂಟೆ ಬಾರಿಸುತ್ತಾರೆ. ಕೇಳಿದವರು ಇದ್ದಲ್ಲೇ ನಿಂತು ಮೂರು 'ನಮಾನ್ ಮರಿಯೆ' ಹೇಳುವುದು ರೂಢಿ. ಮೇ ತಿಂಗಳಲ್ಲಿ ಒಂದು ದಿನ ಅವಳ ಜೊತೆ ಪೇಟೆಗೆ ಹೋಗಿದ್ದೆ. ರಸ್ತೆ ದಾಟುವಾಗ ಗಂಟೆ ಬಿತ್ತು. ಅವಳು ನಡುರಸ್ತೆಯಲ್ಲಿ ಮೊಣಕಾಲೂರಿದಳು. ಅದೇ ಹೊತ್ತಿಗೆ ತಿರುವಿನಲ್ಲಿ ಉಡುಪಿಯ ಬಸ್ಸು. ಕೈ ಹಿಡಿದು ಎಳೆದೆ, ಸೀರೆ ಹಿಡಿದು ಎಳೆದೆ, ಕಲ್ಲು ಎಳೆದ ಹಾಗೆ. ಬಸ್ಸು ಕಿರುಚಿಕೊಂಡು ನಿಂತಾಗ ಅದರ ಬಿಸಿ ನನ್ನ ಮುಖಕ್ಕೆ ತಾಗುತ್ತಿತ್ತು. ಡ್ರೈವರ್ ಹಾರ್ನ್ ಹೊಡೆದ, ಬೈದ. ಕಿಟಕಿಯಿಂದ ಒಬ್ಬರು ಬ್ಯಾರಿ ಮುಸ್ಲಿಂ ಮುದುಕರು ತಲೆ ಹೊರಗೆ ಹಾಕಿದರು. "ಪ್ರಾರ್ಥನೆ ಮಾಡುವವರಿಗೆ ಹಾರ್ನ್ ಹೊಡಿತೀಯಾ? ನಿನಗೆ ತಾಯಿ ಇಲ್ವಾ ಮಾರಾಯ?"

ಹಾರ್ನ್ ನಿಂತಿತು. ಇಡೀ ಬಸ್ಸು ಅವಳ ಮೂರು 'ನಮಾನ್ ಮರಿಯೆ' ಮುಗಿಯುವವರೆಗೆ ಕಾಯಿತು. ಕಂಡಕ್ಟರ್ ಇಳಿದು ಬಂದು ರಟ್ಟೆ ಹಿಡಿದು ಎಬ್ಬಿಸಿದ. "ಆಯ್ತಾ ಬಾಯಮ್ಮ? ನಮಗೂ ಒಂದು ಹೇಳಿದ್ರಾ?"

"ನಿನ್ನ ಹೆಸರು ಎಂತ?" ಎಂದು ಕೇಳಿದಳು.

ಅವನು ಬಾಯಿ ತೆರೆಯುವ ಮೊದಲೇ ನಾನು ಕೂಗಿಕೊಂಡೆ, "ಹೇಳಬೇಡಿ! ಹೆಸರು ಹೇಳಬೇಡಿ!" ಅವನಿಗೆ ಏನು ಅರ್ಥವಾಗಬೇಕು? ಮಗುವಿಗೆ ಬಿಸಿಲು ತಾಗಿದೆ ಎಂದುಕೊಂಡು ಬಸ್ಸು ಹತ್ತಿದ.

ಜೂನ್ ಬಂತು. ಪಪ್ಪನ ಕಾಗದ ನಿಂತಿತು. ಮಳೆಗಾಲದಲ್ಲಿ ಟಪಾಲು ತಡ ಎಂದು ಅಮ್ಮ ಹೇಳುತ್ತಿದ್ದಳು, ಹೇಳುತ್ತಾ ದಾರಿ ನೋಡುತ್ತಿದ್ದಳು. ಕಡಲು ನಮ್ಮಿಂದ ದೂರವೇ, ಆದರೆ ಆಷಾಢದಲ್ಲಿ ಕಾಪುವಿನ ಕಡೆಯಿಂದ ಅದರ ಗುಡುಗು ಶಿರ್ವದವರೆಗೂ ಕೇಳಿಸುತ್ತಿತ್ತು. ನನ್ನ ಪಪ್ಪ ಅದರ ಮೇಲೆ ಎಲ್ಲೋ ಅನ್ನ ಬೇಯಿಸುತ್ತಿದ್ದಾರೆ ಎಂದು ನೆನೆದು ತಲೆಯ ಮೇಲೆ ಕಂಬಳಿ ಎಳೆದುಕೊಳ್ಳುತ್ತಿದ್ದೆ.

ಜುಲೈಯಲ್ಲಿ ಒಂದು ಸಂಜೆ ಅವಳು ಬದುಕಿದವರ ಸಾಲಿನಲ್ಲಿ ಪಪ್ಪನ ಹೆಸರು ಹೇಳಲಿಲ್ಲ. ನಾನು ಕಾದೆ. ಸೊಸೆ ಬಂದಳು, ನಾವು ಬಂದೆವು, ದನ ಬಂತು. ಟಕ್. ಜುವಾಂವ್, ನತಾಲ್, ಮರ್ಸೆಲಿನ್. ಮರ್ಸೆಲಿನ್ ಆದ ಮೇಲೆ, ತೀರಾ ಸಹಜವಾಗಿ, "ನನ್ನ ಮಗ ಇನಾಸ್, ಕಡಲಲ್ಲಿ ಹೋದವ."

ನನ್ನ ಬಾಯಿ ಉತ್ತರದ ಅರ್ಧವನ್ನು ಅಭ್ಯಾಸದಿಂದ ಹೇಳಲು ಹೊರಟು ನಿಂತಿತು. ತಮ್ಮ ಅರೆನಿದ್ದೆಯಲ್ಲಿ ಹೇಳಿದ. ಅಮ್ಮನ ಸ್ವರ ಇರಲಿಲ್ಲ. ತಿರುಗಿ ನೋಡಿದೆ. ಅವಳು ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದಳು. ಅಮ್ಮನಿಗೂ ಹೆದರಿಕೆ ಉಂಟು ಎಂದು ಗೊತ್ತಾದದ್ದು ಆಗ. ಅಲ್ಲಿಯವರೆಗೆ ನನಗೊಬ್ಬಳಿಗೇ ಎಂದುಕೊಂಡಿದ್ದೆ. ಒಬ್ಬಳಿಗೇ ಆಗಿದ್ದರೆ ಒಳ್ಳೆಯದಿತ್ತು.

ಪಾಸ್ಕು ಮಾಮನಿಗೆ ಒಂಬತ್ತು ದಿನ ಸಿಕ್ಕಿತ್ತು. ನಾನು ಬೆರಳು ಮಡಿಚಲು ಶುರು ಮಾಡಿದೆ.

ಶನಿವಾರ ಪಾಪನಿವೇದನೆಗೆ ಹೋದೆ. ಜಾಲರಿಯ ಆಚೆ ವಿಗಾರ್ ಫಾದರ್, ನಸ್ಯದ ವಾಸನೆ. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. "ಫಾದರ್, ನನ್ನ ವಡ್ಲಿಮಾಯ್ ಪ್ರಾರ್ಥನೆ ಮಾಡಿ ಜನರನ್ನು ಸಾಯಿಸ್ತಾಳೆ. ಒಬ್ಬರು ಆದರು. ಈಗ ಪಪ್ಪ."

ಫಾದರ್ ಜಾಲರಿಗೆ ಕಿವಿ ಹತ್ತಿರ ತಂದರು. ಆಮೇಲೆ, "ಇದು ಯಾರ ಪಾಪ?"

"ವಡ್ಲಿಮಾಯಿಯದ್ದು."

"ಹಾಗಾದರೆ ಅವಳು ಬಂದು ಹೇಳಲಿ. ಇಲ್ಲಿ ಅವರವರ ಪಾಪ ಅವರವರು ಹೇಳುವುದು. ನಿನ್ನದು ಎಂತ ಉಂಟು?"

ನನ್ನದು ಬೆಲ್ಲ ಕದ್ದದ್ದು ಇತ್ತು, ಹೇಳಿದೆ. ಮೂರು 'ನಮಾನ್ ಮರಿಯೆ' ಕೊಟ್ಟರು. ಅವರ ತಪ್ಪಲ್ಲ, ಹಿಂದೆ ಉದ್ದ ಸಾಲಿತ್ತು. ಆದರೆ ಹೊರಗೆ ಬಂದಾಗ ನನಗೆ ಖಾತ್ರಿಯಾಯಿತು: ಇದನ್ನು ನಾನೇ ನೋಡಿಕೊಳ್ಳಬೇಕು.

ಉಪಾಯ ಹೊಳೆದದ್ದು ಗದ್ದೆಯ ಹುಣಿಯ, ಅಂದರೆ ಬದುವಿನ, ಮೇಲೆ ನಡೆದು ಬರುವಾಗ. ಕೊಲ್ಲುವುದು ಹೆಸರಲ್ಲ, ಬಡಿತ. ಬಡಿತದ ಈಚೆ ಇರುವವರು ಬದುಕಿದವರು, ಆಚೆ ಹೋದವರು ಸತ್ತವರು. ಬಡಿತ ನನ್ನ ಕೈಯಲ್ಲಿದ್ದರೆ? ಆ ಸಂಜೆ ಮಣೆಯ ಪಕ್ಕಕ್ಕೇ ಹೋಗಿ ಮೊಣಕಾಲೂರಿದೆ. "ವಡ್ಲಿಮಾಯ್, ನಿನ್ನ ಬೆರಳು ಬಾತಿದೆ. ಇನ್ನು ಮೇಲೆ ನಾನು ಬಡೀತೇನೆ."

"ಬಡಿ ಪುತಾ. ಜೋರಾಗಿ ಬಡಿಯಬೇಡ, ದೀಪ ಉಂಟು."

ಅವಳ ಸಾಲು ಅಷ್ಟರಲ್ಲಿ ಪೂರ್ತಿ ಕಲಸಿಹೋಗಿತ್ತು. ನತಾಲ್ ಆದ ಮೇಲೆ ದನ, ದನ ಆದ ಮೇಲೆ ಅಜ್ಜ, ಆಮೇಲೆ ಬೊಂಬಾಯಿಯ ಮಗಳು. ನಾನು ಮುಷ್ಟಿ ಹಿಡಿದು ಕಾಯುತ್ತಿದ್ದೆ. ಎಲ್ಲಿ, ಯಾವಾಗ ಪಪ್ಪನ ಹೆಸರು ಬರುತ್ತದೋ ಅಲ್ಲಿಯವರೆಗೆ ಬಡಿಯುವಂತಿಲ್ಲ. ಕೆಲವು ದಿನ ಕಟ್ಟಕಡೆಗೆ ಬರುತ್ತಿತ್ತು. ಆಗ ಪಾಸ್ಕು ಮಾಮ ಸೇರಿ ಮೂವತ್ತೆಂಟು ಸತ್ತವರೂ ಬಡಿತದ ಈಚೆಗೇ ಇದ್ದು, ಎಲ್ಲರೂ ಬದುಕಿದ ಹಾಗಾಗುತ್ತಿತ್ತು. ಅದರ ಬಗ್ಗೆ ನನಗೆ ಚಿಂತೆ ಇರಲಿಲ್ಲ, ಅವರ ಪಾಡು ಅವರಿಗೆ. ಅವಳು ಒಂದು ಹೆಸರು ಬಿಟ್ಟರೆ ಮೆಲ್ಲಗೆ ಹೇಳಿಕೊಡುತ್ತಿದ್ದೆ, ಪಪ್ಪನ ಹೆಸರು ಬೇಗ ಬರಲಿ ಎಂದು. ಹಾಗೆ ಹೆಸರುಗಳೆಲ್ಲ ನನಗೆ ಬಾಯಿಪಾಠವಾದವು. ಭಕ್ತಿಯಿಂದ ಕಲಿತದ್ದಲ್ಲ, ಸತ್ಯ ಹೇಳುತ್ತೇನೆ, ಹೆದರಿ ಕಲಿತದ್ದು.

ಒಂಬತ್ತನೆಯ ದಿನ ದಾಟಿತು. ಇಪ್ಪತ್ತು ದಾಟಿತು. ಕಾಗದ ಇಲ್ಲ, ಆದರೆ ಕೆಟ್ಟ ಸುದ್ದಿಯೂ ಇಲ್ಲ. ಉಪಾಯ ಕೆಲಸ ಮಾಡುತ್ತಿದೆ ಎಂದುಕೊಂಡೆ.

ಆಮೇಲೆ ಆ ಸಂಜೆ. ತಮ್ಮ ಜಪಮಾಲೆಯ ನಡುವೆಯೇ ನಿದ್ದೆ ಹೋಗಿ ಒಂದು ಬದಿಗೆ ಮಗುಚಿದ್ದ. ಅವನನ್ನು ಎಬ್ಬಿಸಲು ಅರೆಕ್ಷಣ ತಿರುಗಿದೆ, ಅಷ್ಟೇ. ಟಕ್. ಅವಳೇ ಬಡಿದಿದ್ದಳು, ಯಾರ ಹೆಸರನ್ನೂ ಹೇಳುವ ಮೊದಲೇ. ನಾನು ತಿರುಗುವಷ್ಟರಲ್ಲಿ ಪ್ರವಾಹ ಶುರುವಾಗಿತ್ತು. "ನನ್ನ ಮಗ ಇನಾಸ್. ಅವನ ಹೆಂಡತಿ. ಅವರ ಹೆಣ್ಣು ಮಗು..."

ಹಾರಿ ಅವಳ ಬಾಯಿ ಮುಚ್ಚಿದೆ.

ಮುಚ್ಚಿದೆ ಎಂದರೆ ಮೆತ್ತಗೆ ಅಲ್ಲ. ಎರಡೂ ಅಂಗೈಗಳಿಂದ, ಮೈಯ ಭಾರ ಹಾಕಿ ಒತ್ತಿದೆ. ಅವಳ ತಲೆ ಗೋಡೆಗೆ ತಾಗಿತು. ಅವಳಿಗೆ ಉಳಿದಿದ್ದ ನಾಲ್ಕೈದು ಹಲ್ಲುಗಳಲ್ಲಿ ಒಂದು ಅಲುಗಾಡುತ್ತಿತ್ತು. ಅದರಿಂದ ರಕ್ತ ಬಂದು ನನ್ನ ಕೈ ಒದ್ದೆಯಾಯಿತು. ಅಮ್ಮ ನನ್ನನ್ನು ಕೂದಲು ಹಿಡಿದು ಹಿಂದಕ್ಕೆ ಎಳೆದು ಕೆನ್ನೆಗೆ ಬಾರಿಸಿದಳು. "ಹುಚ್ಚು ಹಿಡಿದಿದೆಯಾ ನಿನಗೆ?"

"ಅವಳು ನಮ್ಮನ್ನೆಲ್ಲ ಸಾಯಿಸ್ತಾಳೆ! ಪಾಸ್ಕು ಮಾಮನನ್ನು ಸಾಯಿಸಿದ ಹಾಗೆ!"

ಅಮ್ಮನ ಕೈ ಎರಡನೆಯ ಪೆಟ್ಟಿಗೆ ಎತ್ತಿದ್ದದ್ದು ಗಾಳಿಯಲ್ಲೇ ನಿಂತಿತು.

ವಡ್ಲಿಮಾಯ್ ಗೋಡೆಗೆ ಒರಗಿ ಕೂತು ನನ್ನನ್ನು ನೋಡುತ್ತಿದ್ದಳು. ಆ ನೋಟವನ್ನು ನಾನು ಮರೆತಿಲ್ಲ. ಸಿಟ್ಟಲ್ಲ. ಬೀದಿನಾಯಿ ಹಾರಿ ಬಂದಾಗ ಮಕ್ಕಳು ನೋಡುತ್ತಾರಲ್ಲ, ಹಾಗೆ. ನನಗೆ ಹೆದರುತ್ತಿದ್ದಳು. "ನೀನು ಯಾರ ಮನೆಯ ಮಗು?" ಎಂದು ಕೇಳಿದಳು.

"ನಾನು ವಡ್ಲಿಮಾಯ್. ಇನಾಸನ ಮಗಳು."

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ, ನಾನು ಯಾರೋ ದೊಡ್ಡವಳು ಎಂಬಂತೆ, ಗುಟ್ಟು ಹೇಳುವ ಸ್ವರದಲ್ಲಿ ಹೇಳಿದಳು: "ನನಗೆ ಯಾರು ಹೋದದ್ದು, ಯಾರು ಇರುವುದು ಗೊತ್ತಾಗುವುದಿಲ್ಲ ಬಾಯೆ. ಕೇಳಲಿಕ್ಕೆ ನಾಚಿಕೆ ಆಗ್ತದೆ. ಒಬ್ಬರನ್ನು ಬಿಟ್ಟುಹೋದರೆ ಹೊರಗೆ ನಿಲ್ತಾರಲ್ಲ? ಅದಕ್ಕೆ ಎಲ್ಲರನ್ನೂ ಹೇಳ್ತೇನೆ. ಹೆಚ್ಚಾದರೆ ದೇವರು ಹಿಂದೆ ಕೊಡ್ತಾನೆ. ಕಡಿಮೆಯಾದರೆ ನಾನು ಎಲ್ಲಿಂದ ತರಲಿ?"

ಇಷ್ಟು ದಿನ ನಾನು ಅವಳಿಗೆ ಹೆದರಿ ಮುಷ್ಟಿ ಹಿಡಿದು ಕೂತದ್ದು. ಅದೇ ಮಣೆಯ ಮುಂದೆ, ನನ್ನಿಂದ ಒಂದು ಗೇಣು ದೂರದಲ್ಲಿ, ಅವಳು ನನಗಿಂತ ಹೆಚ್ಚು ಹೆದರಿ ಕೂತಿದ್ದಳು. ಆದರೂ ನನ್ನ ಹೆದರಿಕೆ ಹೋಗಲಿಲ್ಲ. ಪಪ್ಪನ ಹೆಸರು ಆಚೆಗೆ ಹೋಗಿತ್ತಲ್ಲ? ಮತ್ತೆ ಒಂದನೆಯ ಬೆರಳು ಮಡಿಚಿದೆ.

ಐದನೆಯ ಬೆರಳಿಗೆ ತಂತಿ ಬಂತು.

ಆ ಕಾಲದಲ್ಲಿ ತಂತಿ ಎಂದರೆ ಸಾವು, ಬೇರೆ ಕೆಲಸಕ್ಕೆ ಯಾರೂ ಅಷ್ಟು ಖರ್ಚು ಮಾಡುತ್ತಿರಲಿಲ್ಲ. ಸುರಿಯುವ ಮಳೆಯಲ್ಲಿ ಪೋಸ್ಟಿನವ ಅಂಗಳಕ್ಕೆ ಬಂದು ಕೂಗಿದಾಗ ಅಮ್ಮ ಬಾಗಿಲ ಚೌಕಟ್ಟು ಹಿಡಿದು ಹಾಗೇ ಕೂತಳು. ಕಾಗದ ಇಂಗ್ಲಿಷಿನಲ್ಲಿತ್ತು. "ನನಗೆ ಓದಲಿಕ್ಕೆ ಬರುವುದಿಲ್ಲ ಬಾಯಮ್ಮ" ಎಂದ ಅವನು. ಅಮ್ಮನ ಮುಖ ನೋಡಿ ಏನಾದರೂ ಹೇಳಬೇಕೆನಿಸಿತೋ ಏನೋ, "ಆದರೆ ನನ್ನ ಕೈಗೆ ಕೊಡುವಾಗ ಪೋಸ್ಟ್ ಮಾಸ್ಟ್ರ ಮುಖ ಮಾಮೂಲೇ ಇತ್ತು" ಎಂದ.

ತಂತಿಯನ್ನು ಲಂಗದ ಒಳಗೆ ಸಿಕ್ಕಿಸಿಕೊಂಡು ನಾನು ನಮ್ಮ ಶಾಲೆಯ ಮೇಷ್ಟ್ರ ಮನೆಗೆ ಓಡಿದೆ. ಕೊಡೆ ದಾರಿಯಲ್ಲೇ ಮಗುಚಿ ಹೋಯಿತು, ಬಿಟ್ಟೆ. ಮೇಷ್ಟ್ರು ಕನ್ನಡಕ ಹುಡುಕಿದರು. ಕನ್ನಡಕ ಸಿಗಲಿಲ್ಲ. ಹೆಂಡತಿಯನ್ನು ಕರೆದರು. ಕನ್ನಡಕ ತಲೆಯ ಮೇಲೆಯೇ ಇತ್ತು. ಒದ್ದೆ ಕಾಗದವನ್ನು ಬೆಳಕಿಗೆ ಹಿಡಿದು, ತುಟಿ ಅಲ್ಲಾಡಿಸಿ ಓದಿ, "ಬೊಂಬಾಯಿಗೆ ಮುಟ್ಟಿದ್ದಾರೆ. ಶನಿವಾರ ಮನೆಗೆ ಬರ್ತಾರಂತೆ" ಎಂದರು. "ಅಳುವುದೆಂತಕ್ಕೆ? ಬರ್ತಾರೆ ಅಂತ ಬರೆದದ್ದು!"

ಪಪ್ಪ ಬಂದರು. ದೂರದ ಯಾವುದೋ ಬಂದರಿನಲ್ಲಿ ಎಂಜಿನ್ ಕೆಟ್ಟು ಹಡಗು ವಾರಗಟ್ಟಲೆ ನಿಂತಿತ್ತಂತೆ. ಕಪ್ಪಗಾಗಿದ್ದರು, ಇಳಿದಿದ್ದರು, ಆದರೆ ಜೀವಂತ. ಅವರನ್ನು ಮುಟ್ಟಿ ಮುಟ್ಟಿ ನೋಡಿದೆ. ವಡ್ಲಿಮಾಯ್ ಅವರನ್ನು ಚಾವಡಿಯ ಬೆಂಚಿನಲ್ಲಿ ಕೂರಿಸಿ, ನೀರು ಬೆಲ್ಲ ಕೊಟ್ಟು, "ಯಾವ ಕಡೆಯವರಾದ ಹಾಗಾಯ್ತು?" ಎಂದು ಮರ್ಯಾದೆಯಿಂದ ಕೇಳಿದಳು. ಪಪ್ಪ ಬೆಲ್ಲದ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಕೂತರು. ಕೊನೆಗೆ, "ಇಲ್ಲೇ ಹತ್ತಿರದವನು ಅಮ್ಮ" ಎಂದರು.

ಸಂಜೆ ತೇರ್ಸ್. ಅಮ್ಮ ಅವರಿಗೆ ಮೊದಲೇ ಹೇಳಿರಬೇಕು, ಎಲ್ಲವನ್ನೂ. ನಾನು ಮಣೆಯ ಪಕ್ಕದಲ್ಲಿ ಮುಷ್ಟಿ ಹಿಡಿದು ಕೂತಿದ್ದೆ. ಸಾಲು ಶುರುವಾಯಿತು. ಅವಳ ಕೈ ನನ್ನ ಕೈಗಿಂತ ಮೊದಲು ಮಣೆಗೆ ಹೋಯಿತು. ಟಕ್. "ನನ್ನ ಮಗ ಇನಾಸ್, ಕಡಲಲ್ಲಿ ಹೋದವ. ಅವನ ಆತ್ಮಕ್ಕೆ. ನಮಾನ್ ಮರಿಯೆ..."

ಅವಳ ಅರ್ಧ ಮುಗಿಯಿತು. ಆಮೇಲೆ ಹಿಂದಿನಿಂದ ಪಪ್ಪನ ದಪ್ಪ ಸ್ವರ, ಗಟ್ಟಿಯಾಗಿ, ತನ್ನದೇ ಆತ್ಮಕ್ಕಾಗಿ ಉಳಿದರ್ಧ ಹೇಳಲು ಶುರು ಮಾಡಿತು. ಎರಡು ಮಾತಿನ ನಂತರ ಅಮ್ಮನ ಸ್ವರವೂ ಕೂಡಿತು. ಇಷ್ಟು ವಾರಗಳಲ್ಲಿ ಆ ಹೆಸರಿಗೆ ಅವಳು ಉತ್ತರ ಕೊಟ್ಟದ್ದು ಅದೇ ಮೊದಲು. ವಡ್ಲಿಮಾಯ್ ತಲೆ ಆಡಿಸಿದಳು, ಕೆಲಸ ಸರಿಯಾಯಿತು ಎಂಬಂತೆ, ಮುಂದಿನ ಹೆಸರಿಗೆ ಹೋದಳು.

ಊಟಕ್ಕೆ ಕೂತಾಗ ಪಪ್ಪ ನನ್ನ ಕಿವಿ ಹಿಂಡಿದರು. "ನನಗೆ ಈಗ ಒಳ್ಳೆಯದೇ ಆಯಿತು. ಸತ್ತ ಮೇಲೆ ಬೇಕಾದ್ದನ್ನೆಲ್ಲ ನನ್ನಮ್ಮ ಮೊದಲೇ ಹೇಳಿ ಮುಗಿಸಿದ್ದಾಳೆ. ನೀನು ಹೆದರುವುದೆಂತಕ್ಕೆ?" ನಗೆ ಬಂತು. ಆದರೂ ಒಂಬತ್ತು ದಿನ ಎಣಿಸಿದೆ, ಅವರ ಬೆನ್ನ ಹಿಂದೆಯೇ ತಿರುಗಿದೆ, ಬಾವಿಗೆ ಹೋದರೆ ಬಾವಿಗೆ, ಗದ್ದೆಗೆ ಹೋದರೆ ಗದ್ದೆಗೆ. ಹತ್ತನೆಯ ಬೆಳಿಗ್ಗೆ ಅವರು ಅಂಗಳದಲ್ಲಿ ಹಲ್ಲುಜ್ಜುತ್ತಾ ಕ್ಯಾಕರಿಸಿ ಉಗಿದ ಸದ್ದಿಗೆ ಎಚ್ಚರವಾಯಿತು. ಅಷ್ಟು ಸುಖದ ಸದ್ದನ್ನು ನಾನು ಆಮೇಲೆ ಕೇಳಿಲ್ಲ.

ವಡ್ಲಿಮಾಯ್ ಮರುವರ್ಷ ಕ್ರಿಸ್ಮಸ್‌ಗೆ ಎರಡು ವಾರ ಇರುವಾಗ ಹೋದಳು. ಕೊನೆಗೆ ಹೆಸರುಗಳೂ ಹೋಗಿದ್ದವು, ಮಾತೂ ಹೋಗಿತ್ತು. ಗಂಟೆ ಬಿದ್ದರೆ ಮಾತ್ರ ಚಾಪೆಯ ಮೇಲೆ ಮಲಗಿದ್ದಲ್ಲೇ ಅವಳ ಮೊಣಕಾಲು ಮಡಿಚಿಕೊಳ್ಳುತ್ತಿತ್ತು. ಪೆಟ್ಟಿಗೆಯಲ್ಲಿ ಮಲಗಿಸಿದಾಗಲೂ ಆ ಕಾಲುಗಳನ್ನು ನೇರ ಮಾಡಲು ಇಬ್ಬರು ಬೇಕಾಯಿತು.

ಆ ಹೆಂಗಸಿಗೆ ನಾನು ಮಾಡಿದ್ದನ್ನು ಯಾರಿಗೂ ಹೇಳಿರಲಿಲ್ಲ, ಇಲ್ಲಿ ಬರೆದಿದ್ದೇನೆ. ಅವಳು ನನಗೆ ಕೊಟ್ಟದ್ದು ಮೂವತ್ತೇಳು ಹೆಸರು, ಪಾಸ್ಕು ಮಾಮ ಸೇರಿ ಮೂವತ್ತೆಂಟು. ನನ್ನ ತಮ್ಮನಿಗೆ ಗೊತ್ತಿಲ್ಲ, ಬೊಂಬಾಯಿಯ ಅತ್ತೆಯ ಮಕ್ಕಳಿಗೆ ಗೊತ್ತಿಲ್ಲ. ನತಾಲ್ ಎಂಬ ಒಬ್ಬ ಮನುಷ್ಯ ಈ ಭೂಮಿಯ ಮೇಲೆ ನಡೆದಾಡಿದ್ದ ಎಂಬುದಕ್ಕೆ ಇವತ್ತು ನನ್ನ ಬಾಯಿ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಮಣಿಪಾಲದ ನಮ್ಮ ಫ್ಲಾಟಿನ ಕೆಳಗಿನ ಮನೆಯವರು ಒಮ್ಮೆ ಮೇಲೆ ಬಂದು ಕೇಳಿದರು, "ದಿನಾ ಏಳೂವರೆಗೆ ಎಂತದು ಬಡಿಯುವುದು ನಿಮ್ಮಲ್ಲಿ?" ಮಣೆ ತೋರಿಸಿದೆ. ಈಗ ಅದರ ಆಚೆ ಪಪ್ಪನೂ ಇದ್ದಾರೆ, ಅಮ್ಮನೂ. ಸರಿಯಾದ ವಯಸ್ಸಿಗೆ, ಸರಿಯಾದ ಜಾಗದಲ್ಲಿ.

ಆದರೆ ಅವಳು ಹೋದ ಮೇಲೆ ಮೊದಲ ಸಲ ಬಡಿಯುವುದು ನನ್ನಿಂದಾಗಿರಲಿಲ್ಲ. ಅವಳನ್ನು ಮಣ್ಣು ಮಾಡಿ ಬಂದ ಸಂಜೆ, 'ಸಾಲು ಇವಳಿಗೆ ಬರ್ತದೆ' ಎಂದು ಅಮ್ಮ ನನ್ನನ್ನೇ ಮಣೆಯ ಮುಂದೆ ಕೂರಿಸಿದಳು. ಪಪ್ಪ ಮತ್ತೆ ಹಡಗಿನಲ್ಲಿದ್ದರು. ಬದುಕಿದವರ ಸಾಲು ಹೇಳಿದೆ: ಪಪ್ಪ, ಅಮ್ಮ, ತಮ್ಮ, ಅತ್ತೆ. ಅವರ ಜೊತೆಗೇ ವಡ್ಲಿಮಾಯ್. ಹೇಳಿ, ಬಡಿಯದೆ, ಶಿಲುಬೆಯ ಗುರುತು ಹಾಕಿ ಎದ್ದುಬಿಟ್ಟೆ. ಮರುದಿನವೂ ಹಾಗೆಯೇ. ಬಡಿಯದಿದ್ದರೆ ಅವಳು ಈಚೆಗೇ ಇರುತ್ತಾಳಲ್ಲ. ಆರು ಸಂಜೆ ಹಾಗೆ ನಡೆಸಿದೆ.

ಏಳನೆಯ ದಿನದ ಪೂಜೆ ಆದ ಸಂಜೆ ನಾನು ಏಳಲು ಹೊರಟಾಗ ಅಮ್ಮ ಮೊಣಕಾಲಿನಲ್ಲೇ ತೆವಳಿಕೊಂಡು ನನ್ನ ಪಕ್ಕಕ್ಕೆ ಬಂದಳು. ಬಯ್ಯುತ್ತಾಳೆ ಎಂದುಕೊಂಡೆ. ಬಾಗಿಲ ಕಡೆ ನೋಡುತ್ತಾ, ಪಿಸುಮಾತಿನಲ್ಲಿ ಹೇಳಿದಳು:

"ಮೂವತ್ತೆಂಟು ಜನ ಏಳು ದಿನದಿಂದ ಅಂಗಳದಲ್ಲಿ ನಿಂತಿದ್ದಾರೆ ಬಾಯೆ. ಅವಳೂ ಅವರ ಜೊತೆ ನಿಂತಿದ್ದಾಳೆ. ಒಳಗೆ ಕರೆ."

ನಾನು ಮುಷ್ಟಿ ಬಿಗಿಹಿಡಿದು ಮಣೆಗೆ ಬಡಿದೆ.